ಮೂರನೇ ಸೀಸನ್ನಿನ ದೆವ್ವ ಮತ್ತು ನಮ್ಮೂರ ಬಸ್ಸು

ನ್ಯಾಯ ಕೇಳಲು ಹೋದವನಿಗೆ ನಗುವಂಥ ಪ್ರಸಂಗಗಳು ದಿನವೂ ಸಿಗುತ್ತವೆ. ನಗುವ ಮನಸ್ಸೊಂದು ಸಿಗುವುದಿಲ್ಲ.

ಕರೆಯದೆ ಬರುವವರು

ದೊಡ್ಡಬಳ್ಳಾಪುರದಿಂದ ತೂಬಗೆರೆ ಕಡೆಯ ನಮ್ಮೂರಿಗಿದ್ದ ಸಂಜೆ ಬಸ್ಸನ್ನು ನಿಲ್ಲಿಸಿಬಿಟ್ಟರು. ಪಿಯುಸಿ ಓದುವ ನನ್ನ ಮಗಳು ಸಿಕ್ಕ ಟೆಂಪೊ ಹತ್ತಿ, ಕ್ರಾಸಿನಲ್ಲಿಳಿದು ಕತ್ತಲಲ್ಲಿ ನಡೆದು ಬರುತ್ತಾಳೆ. ಬೈಕಿನವರು ಪಕ್ಕಕ್ಕೆ ಬಂದು ನಿಧಾನ ಮಾಡುತ್ತಾರೆ.

‘ಬಸ್ ಬರ್ಲಿಲ್ಲ ಅಂದ್ರೆ ಕಾಲೇಜು ಬಿಡಿಸ್ಬಿಡು’ ಎಂದಳು ನಮ್ಮವ್ವ.

ಮಗಳು ಮೊಬೈಲಿನಲ್ಲಿ ನೋಡುವುದು ಕಾಲೇಜು ಹುಡುಗರ ದೆವ್ವದ ಸೀರಿಯಲ್ಲು, ಕನ್ನಡಕ್ಕೆ ಡಬ್ ಆದದ್ದು. ‘ಮೊದಲೆರಡು ಸೀಸನ್ ಬರೀ ರಕ್ತ ಕಣಜ್ಜಿ. ಮೂರನೇದೇ ಬೆಸ್ಟು. ಅದ್ರಲ್ಲಿ ದೆವ್ವ, ಬಾ ಅಂತ ಕರೀದೆ ಯಾರ ಹತ್ರಾನೂ ಬರಲ್ಲ.’

ಅವ್ವ ನಿಟ್ಟುಸಿರಿಟ್ಟಳು. ‘ಬೈಕಿನೋರಿಗಿಂತ ಮರ್ಯಾದಸ್ತ ದೆವ್ವ.’

ಭಾಷೆ ಬಾರದ ದೆವ್ವ

ಅವ್ವನೂ ನೋಡತೊಡಗಿದಳು. ಒಂದು ಕಂತಿನಲ್ಲಿ ನಾಯಕಿ, ಹೊಸ್ತಿಲಾಚೆ ನಿಂತವನು ದೆವ್ವವೆಂದು ತಿಳಿಯದೆ, ‘ಹೋಗ್ಬಿಟ್ಟು ಬಾ’ ಎಂದು ಕಳಿಸಿದಳು.

ಅವ್ವ ಚೀರಿದಳು. ‘ಅಯ್ಯೋ ಕೆಟ್ಲು! ಬಾ ಅಂದ್ಬಿಟ್ಲಲ್ಲೇ!’

ಮುಂದಿನ ಕಂತಿನಲ್ಲಿ ದೆವ್ವ ಬರಲೇ ಇಲ್ಲ.

‘ಅದಕ್ಕೆ ಕನ್ನಡ ಬರಲ್ಲ ಅಜ್ಜಿ. ಇದು ಡಬ್ಬಿಂಗು’ ಎಂದಳು ಮಗಳು.

‘ಅದು ಬೆಂಗಳೂರಿಗೆ ಬಂದು ಎಷ್ಟು ವರ್ಷ ಆಯ್ತಂತೆ?’ ಎಂದಳು ಅವ್ವ.

ಹೋಗಿ ಬನ್ನಿ

ಸಂಜೆ ಬಸ್ಸು ಮತ್ತೆ ಬಿಡಿ ಎಂದು ಡಿಪೋ ಸಾಹೇಬರನ್ನು ಕೇಳಿದೆ. ‘ನೋಡೋಣ, ಹೋಗ್ಬಿಟ್ಟು ಬನ್ನಿ’ ಎಂದರು. ಮರುದಿನ ಮತ್ತೆ ಹೋದೆ.

‘ಮತ್ತೆ ಯಾಕ್ರೀ ಬಂದ್ರಿ?’

‘ನೀವೇ ಬನ್ನಿ ಅಂದ್ರಲ್ಲ ಸಾರ್.’

ಹೀಗೇ ವಾರಗಟ್ಟಲೆ ನಡೆಯಿತು. ಮೂರನೇ ಸೀಸನ್ನು ನನಗೂ ಹಿಡಿಸಿದ್ದು ಅದಕ್ಕೇ. ಅಲ್ಲಿ ಸತ್ತವರೂ ಮಾತಿಗೆ ಕಟ್ಟುಬೀಳುತ್ತಾರೆ. ಇಲ್ಲಿ ಸಂಬಳ ಎಣಿಸುವ ಬದುಕಿರುವವರಿಗೆ ಆಡಿದ ಮಾತು ನೆನಪೂ ಇರುವುದಿಲ್ಲ.

ಕೊನೆಗೆ ಮಗಳು, ಅವಳ ಗೆಳತಿಯರು, ಅವ್ವ, ಎಲ್ಲರನ್ನೂ ಕರೆದುಕೊಂಡು ಹೋದೆ. ಸಾಹೇಬರು ಹುಷಾರಾಗಿದ್ದರು. ‘ಹೋಗಿ’ ಎಂದರು. ‘ಬನ್ನಿ’ ಎನ್ನಲಿಲ್ಲ.

ಅವ್ವ ಪಿಸುಗುಟ್ಟಿದಳು. ‘ಇವನೂ ಮೂರನೇ ಸೀಸನ್ ನೋಡವ್ನೆ ಕಣ್ಲಾ.’

ಯಾರೂ ಕದಲಲಿಲ್ಲ. ಕಿಟಕಿಯಾಚೆ ಕತ್ತಲಾಗುತ್ತಿತ್ತು. ಸಾಹೇಬರು ಮೇಜು ಗುದ್ದಿದರು. ‘ಎಲ್ರೂ ಮನೆಗೆ ಹೋಗ್ರೀ ಅಂದೆ!’

ಮಗಳು ಅವರ ಮೇಜಿನ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

‘ಯಾವ ಬಸ್ಸಲ್ಲಿ ಸಾರ್?’