ಟ್ರಿಗರ್ ಹಗುರ ಮಾಡಿದ ಸಾಹುಕಾರರು

ನಮ್ಮವರು ಯಾರಾದರೂ ಸಿಕ್ಕಿ "ಯಾವೂರು ನಿಮ್ಮದು?" ಅಂತ ಕೇಳಿ, ನಾನು "ಕೊಡಗು" ಅಂದೆನೋ ಮುಗಿಯಿತು, ಎರಡನೇ ಪ್ರಶ್ನೆ ಕೋವಿಯದ್ದೇ. ಕಾಫಿ ವಿಷಯ ಕೇಳಬಹುದು, ಕಿತ್ತಳೆ ವಿಷಯ ಕೇಳಬಹುದು. ಊಹೂಂ, ಕೋವಿಯೇ ಬೇಕು. ನಮ್ಮಪ್ಪ ಮೈಸೂರಿನಲ್ಲಿ ಬ್ಯಾಂಕ್ ಗುಮಾಸ್ತರು, ನಾನು ಬೆಳೆದದ್ದೂ ಅಲ್ಲೇ. ಕೋವಿ ಮುಟ್ಟುತ್ತಿದ್ದದ್ದು ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋದಾಗ, ಅದೂ ಹೂವಿಟ್ಟು ಕೈಮುಗಿಯುವುದಕ್ಕೆ. ಒಂದು ಸಲ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದೆ. ಕಾಯಿಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದರೆ ಜನ "ಇರಲಿ, ನಿಮ್ಮದು ರಕ್ತದಲ್ಲೇ ಬಂದಿರುತ್ತೆ" ಅಂತ ಸಮಾಧಾನ ಮಾಡುತ್ತಾರೆ. ಆ ರಕ್ತದ ದೆಸೆಯಿಂದ ನಾನು ಅನುಭವಿಸಿದ್ದರಲ್ಲಿ ಸಾಹುಕಾರರ ಪಿಸ್ತೂಲಿನ ಪ್ರಸಂಗಗಳೇ ಮುಖ್ಯವಾದವು.

ಕ್ಯಾಂಟೀನಿನಲ್ಲಿ ಸಿಕ್ಕಿಬಿದ್ದದ್ದು

ಎರಡು ಸಾವಿರನೇ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಅನ್ನುವ ವೈಟುಕೆಗೆ ಅಮೆರಿಕದ ಕಂಪನಿಗಳೆಲ್ಲ ಹೆದರಿ ನಮ್ಮಂಥವರನ್ನು ವಿಮಾನ ತುಂಬ ಕರೆಸಿಕೊಳ್ಳುತ್ತಿದ್ದ ಕಾಲ. ನಾನು ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯಲ್ಲಿ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುತ್ತಾ ಕೂತಿದ್ದೆ. ಮಾನ್ಮತ್ ಜಂಕ್ಷನ್‌ನಲ್ಲಿ ನಮ್ಮ ಮನೆ ಹತ್ತಿರ ಹಾವೇರಿ ಕಡೆಯವರೊಬ್ಬರು ಚಿನ್ನಬೆಳ್ಳಿ ಅಂಗಡಿ ಇಟ್ಟಿದ್ದರು. ಎಲ್ಲರೂ ಅವರನ್ನು ಸಾಹುಕಾರರು ಅಂತಲೇ ಕರೆಯುತ್ತಿದ್ದದ್ದು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು.

ಒಂದು ಭಾನುವಾರ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ನಾನು ದೋಸೆಗೆ ಕೈ ಹಾಕುವ ಹೊತ್ತಿಗೆ ಸಾಹುಕಾರರು ಎದುರು ಬಂದು ಕೂತರು.

"ಸರ, ನೀವು ಕೊಡಗಿನವರಲ್ರೀ?"

ಬಂತು ಗ್ರಹಚಾರ ಅಂದುಕೊಂಡೆ.

ವಿಷಯ ಏನೆಂದರೆ, ಅವರು ಒಡವೆಗಳನ್ನು ಪಾಲಿಶಿಗೆ ಅಂತ ದೂರದ ಒಂದು ಕಾರ್ಖಾನೆಗೆ ಕಾರಿನಲ್ಲಿ ಒಯ್ಯಬೇಕು. ಹಿಂದಿನ ವರ್ಷ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಕಾರಿನೊಳಗಿದ್ದ ಚೀಲ ಎತ್ತಿಕೊಂಡು ಓಡಿದ್ದ. ಆವತ್ತಿನಿಂದ ಅಕ್ಕ ಅಡುಗೆ, ಗಿರಾಕಿ ಎಲ್ಲ ಬಿಟ್ಟು, ಹೊಸ ಚೀಲವನ್ನು ತೊಡೆಮೇಲಿಟ್ಟುಕೊಂಡು ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದರು. ಈಗ ಅವರಿಗೂ ಸಾಕಾಗಿತ್ತು. ಒಂದೋ ಸರಿಯಾದ ಬಂದೋಬಸ್ತು ಮಾಡಿಕೊಳ್ಳಿ, ಇಲ್ಲವಾದರೆ ಅಂಗಡಿ ಮುಚ್ಚಿ ನನ್ನ ತಮ್ಮನ ಮೋಟೆಲಿಗೆ ಕೆಲಸಕ್ಕೆ ಹೋಗೋಣ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಅಂಗಡ್ಯಾಗ ಪಿಸ್ತೂಲ್ ಐತ್ರಿ, ಅದಕ್ಕ ಪರವಾನಗಿನೂ ಐತಿ. ಆದ್ರ ಸೊಂಟಕ್ಕ ಕಟಗೊಂಡು ರಸ್ತೆಗೆ ಇಳಿಬೇಕಂದ್ರ ಇಲ್ಲಿ ಜಡ್ಜ್ ಹೂಂ ಅನಬೇಕಂತ. ನಾಕು ಮಂದಿ ಬೇಕ್ರಿ, ಇಂವಾ ಛಲೋ ಮನಶ್ಯಾ ಅನ್ನಾಕ. ನಿಮ್ಮ ಹೆಸರು ಕೊಟ್ಟೇನಿ."

"ಕೇಳದೆ ಕೊಟ್ಟುಬಿಟ್ರಾ?"

"ಕೊಡಗಿನವರು ಪಿಸ್ತೂಲಿಗೆ ಒಲ್ಲೆ ಅಂತಾರೇನ್ರಿ?"

ಅವರು ಎದ್ದು ಹೋದಮೇಲೆ ನೋಡಿದರೆ ನನ್ನ ದೋಸೆಯಲ್ಲಿ ಅರ್ಧ ಇರಲಿಲ್ಲ. ಒಳ್ಳೆಯ ಮನುಷ್ಯ ಅಂತ ಹೇಳಬೇಕಾದವನ ದೋಸೆಯನ್ನೇ ತಿಂದು ಹೋಗಿದ್ದರು.

ಫೈರಿಂಗ್

ಸ್ವಲ್ಪ ದಿನಕ್ಕೆ ಪೊಲೀಸ್ ಇಲಾಖೆಯ ಒಬ್ಬ ಡಿಟೆಕ್ಟಿವ್ ಆಫೀಸಿಗೇ ಫೋನ್ ಮಾಡಿದ. ಅರ್ಜಿದಾರರ ಸ್ವಭಾವ ಹೇಗೆ, ಸಿಟ್ಟಿನ ಮನುಷ್ಯನೇ ಅಂತ ವಿಚಾರಿಸಿದ. ನಾನು ತುಂಬಾ ಎಚ್ಚರಿಕೆಯಿಂದ, ನನಗೆ ಬಂದ ಒಳ್ಳೆಯ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ.

"ಇಲ್ಲವೇ ಇಲ್ಲ. ಅಂಥ ತಾಳ್ಮೆ ಯಾರಿಗೂ ಇಲ್ಲ. ಹೆಂಡತಿ ದಿನಾ ಫೈರ್ ಮಾಡ್ತಾರೆ, ಆದರೂ ತುಟಿ ಪಿಟಕ್ಕೆನ್ನಲ್ಲ."

ಆ ಕಡೆ ಅವನು ಕಾಗದ ಎಳೆದುಕೊಂಡ ಸದ್ದಾಯಿತು.

"ಹೆಂಡತಿ ಫೈರ್ ಮಾಡ್ತಾರಾ? ಅವರ ಮೇಲೆ?"

"ಹೌದು. ಗಿರಾಕಿಗಳ ಎದುರಿಗೂ ಮಾಡ್ತಾರೆ."

"ಯಾರಿಗಾದರೂ ಪೆಟ್ಟಾಗಿದೆಯಾ?"

"ಮನಸ್ಸಿಗೆ ಆಗಿರಬಹುದು" ಅಂದೆ. "ನನಗೂ ಒಂದೆರಡು ಸಲ ಫೈರ್ ಮಾಡಿದ್ದಾರೆ. ಅದೆಲ್ಲ ಪ್ರೀತಿಯಿಂದಲೇ ಬಿಡಿ."

ನಾವೆಲ್ಲ ಬೈಯುವುದಕ್ಕೆ ಫೈರ್ ಅನ್ನುತ್ತೇವೆ. ಹೆಡ್‌ಮಾಸ್ಟರ್ ಫೈರ್ ಮಾಡಿದರು, ಬಾಸ್ ಫೈರ್ ಮಾಡಿದ ಅಂತ ಹುಟ್ಟಿದಾರಭ್ಯ ಹೇಳಿಕೊಂಡು ಬಂದಿದ್ದೇವೆ. ಅಮೆರಿಕದವರಿಗೆ ಆ ಅರ್ಥ ಇಲ್ಲ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ. ಡಿಟೆಕ್ಟಿವ್ ಬಹಳ ಗಂಭೀರವಾಗಿ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ. ಕೆಲಸ ಸಲೀಸಾಗಿ ಆಯಿತು ಅಂತ ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರು ಸಂಜೆ ಕರಿಗಡುಬು ಕಳಿಸಿಕೊಟ್ಟರು.

ತಿಕ್ಕಿದ್ದರಲ್ಲಿ ತಪ್ಪೇನು

ಸಾಹುಕಾರರು ಒಬ್ಬ ಅಮೆರಿಕನ್ ವಕೀಲರನ್ನು ಹಿಡಿದಿದ್ದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಅವರ ಆಫೀಸಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದರು, ಕೊಡಗಿನವನು ಜೊತೆಯಲ್ಲಿದ್ದರೆ ತೂಕ ಅಂತ. ಅಕ್ಕನೂ ಬಂದಿದ್ದರು.

ವಕೀಲರು ಮೊದಲು ಕಾನೂನು ಹೇಳಿದರು. ಪಿಸ್ತೂಲು ಇರುವುದು ನಿಮ್ಮ ಜೀವ ಉಳಿಸಿಕೊಳ್ಳುವುದಕ್ಕೆ. ಕಳ್ಳ ಚೀಲ ತೆಗೆದುಕೊಂಡು ಓಡುತ್ತಿದ್ದರೆ ಅವನ ಬೆನ್ನಿಗೆ ಹೊಡೆಯುವ ಹಾಗಿಲ್ಲ, ಹೊಡೆದರೆ ಜೈಲಿಗೆ ಹೋಗುವವರು ನೀವು.

"ಹಂಗಾರ ಚೀಲದ ಗತಿ?" ಅಂದರು ಸಾಹುಕಾರರು.

"ಇನ್ಶೂರೆನ್ಸ್" ಅಂದರು ವಕೀಲರು.

ಆಮೇಲೆ ಅವರು, ಪಿಸ್ತೂಲು ಕಂಪನಿಯಿಂದ ಬಂದ ಹಾಗೇ ಇದೆ ತಾನೆ, ಏನೂ ಬದಲಾಯಿಸಿಲ್ಲ ತಾನೆ ಅಂತ ಮಾಮೂಲಿಗೆ ಕೇಳಿದರು. ಸಾಹುಕಾರರ ಮುಖ ಅರಳಿತು. ಯಾರಾದರೂ ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದರೇನೋ.

"ಟ್ರಿಗರ್ ಭಾಳ ಬಿಗಿ ಇತ್ರಿ. ಕಂಪನಿಯವರು ಏನೂ ತಿಕ್ಕಿರಲಿಲ್ಲ. ನಾನ ಅರ ಹಿಡದು ತಿಕ್ಕಿ ಹಗುರ ಮಾಡೇನಿ. ಈಗ ನೋಡ್ರಿ, ಬೆಣ್ಣಿ ಆಗೇತಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆ ಏನಾದರೂ ಆಗಿ ಗುಂಡು ಹಾರಿದರೆ, ಸರ್ಕಾರಿ ವಕೀಲ ಜ್ಯೂರಿಯ ಮುಂದೆ ನಿಂತು, ಈ ಮನುಷ್ಯನಿಗೆ ಕೊಲ್ಲುವ ಆತುರ ಎಷ್ಟಿತ್ತೆಂದರೆ ಕಂಪನಿ ಇಟ್ಟ ಬಿಗಿಯನ್ನೇ ಸಡಿಲ ಮಾಡಿಕೊಂಡಿದ್ದ ಅನ್ನುತ್ತಾನೆ. ಮೊದಲು ಕೋವಿ ಅಂಗಡಿಗೆ ಹೋಗಿ ಹೊಸ ಟ್ರಿಗರ್ ಹಾಕಿಸಿ ಅಂದರು.

"ಇನ್ನೇನಾದರೂ ಮಾಡಿದ್ದೀರಾ?"

"ಇಲ್ರಿ" ಅಂದರು ಸಾಹುಕಾರರು.

"ಯಾಕ್ರಿ, ದೇವರ ಹೆಸರು ಕೊರದೀರಲ್ಲ" ಅಂದರು ಅಕ್ಕ.

ಸಾಹುಕಾರರ ತಿಜೋರಿ, ತಕ್ಕಡಿ, ಕಾರಿನ ಹಿಂದಿನ ಗಾಜು ಎಲ್ಲದರ ಮೇಲೂ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಅಂತ ಇತ್ತು. ಪಿಸ್ತೂಲನ್ನೂ ಬಿಟ್ಟಿರಲಿಲ್ಲ. ಹಾಗಂದರೇನು ಅಂತ ವಕೀಲರು ನನ್ನ ಕಡೆ ತಿರುಗಿದರು. ನಾನು ಪದಕ್ಕೆ ಪದ ಇಟ್ಟು, ವೀರಭದ್ರ ಎಂಬ ದೇವರಿಗೆ ಸಂತೋಷವಾಗಿದೆ ಅಂತ ಹೇಳಿದೆ.

"ಯಾರು ಆ ದೇವರು?"

"ಶಿವನ ಸಿಟ್ಟಿನಿಂದ ಹುಟ್ಟಿದವನು. ಯಜ್ಞಕ್ಕೆ ನುಗ್ಗಿ ದಕ್ಷನ ತಲೆ ಕತ್ತರಿಸಿದ."

ವಕೀಲರು ಕನ್ನಡಕ ಮತ್ತೆ ಹಾಕಿಕೊಂಡರು. "ಅವನಿಗೆ ಈಗ ಸಂತೋಷವಾಗಿದೆ. ಅದನ್ನು ಪಿಸ್ತೂಲಿನ ಮೇಲೆ ಬರೆದಿದ್ದಾರೆ. ಯಾತಕ್ಕೆ ಸಂತೋಷ ಅಂತ ಜ್ಯೂರಿ ಕೇಳಿದರೆ ನಾನು ಏನು ಹೇಳಲಿ?"

ದೇವರ ಹೆಸರನ್ನು ಉಜ್ಜಿ ಅಳಿಸುವುದಕ್ಕೆ ಸಾಹುಕಾರರು ಸುತರಾಂ ಒಪ್ಪಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಯಾರಾದರೂ ಕೇಳಿದರೆ ನಾನು "ದೇವರೇ ಕಾಪಾಡು" ಅಂತ ತರ್ಜುಮೆ ಮಾಡಬೇಕು. ವಕೀಲರು ಬಾಗಿಲವರೆಗೆ ಬಂದು, ನೀವು ಸಾಧ್ಯವಾದಷ್ಟೂ ಕಡಿಮೆ ಮಾತಾಡಿ ಅಂತ ನನಗೆ ಬೇರೆಯಾಗಿ ಹೇಳಿದರು.

ಪೊಳ್ಳು

ಈ ರಾಜ್ಯದಲ್ಲಿ ತುದಿಯಲ್ಲಿ ಪೊಳ್ಳಿರುವ ಒಂದು ಜಾತಿಯ ಗುಂಡು ತುಂಬಿಕೊಂಡು ರಸ್ತೆಯಲ್ಲಿ ಓಡಾಡುವುದು ಅಪರಾಧ ಅಂತ ವಕೀಲರು ಆಮೇಲೆ ಫೋನಿನಲ್ಲಿ ಎಚ್ಚರಿಸಿದರು. ನಾನು ಗಾಬರಿಯಿಂದ ಅಂಗಡಿಗೆ ಓಡಿದೆ. ಸಾಹುಕಾರರು ಬಳೆ ತೂಗುತ್ತಾ ಕೂತಿದ್ದರು.

"ಹೊಸ ಟ್ರಿಗರ್ ಹಾಕಸಾಕ ಹೋದಾಗ ಕೋವಿ ಅಂಗಡ್ಯಾಂವಾ ಅದನ್ನ ತೋರಿಸಿದ್ನ್ರಿ. ಒಳಗ ಪೊಳ್ಳು ಐತಿ ಅಂತ ಅವನ ಬಾಯಿಲೆನ ಅಂದ. ಮೂವತ್ತು ವರ್ಷದ ವ್ಯಾಪಾರದಾಗ ಗಿರಾಕಿಗೆ ಒಂದು ಪೊಳ್ಳು ಬಳಿ ಕೊಟ್ಟಿಲ್ಲ ನಾನು. ಕಳ್ಳ ಆದ್ರೇನು, ಗಟ್ಟಿದ್ದ ಕೊಡೂಣು ಅಂತ ವಾಪಸ್ ಕೊಟ್ಟ ಬಂದೆ."

ಕೋರ್ಟು

ಜಡ್ಜ್ ಒಬ್ಬ ಹೆಂಗಸು. ಸರ್ಕಾರಿ ವಕೀಲ, ನಮ್ಮ ವಕೀಲರು, ಡಿಟೆಕ್ಟಿವ್, ಸಾಹುಕಾರರು, ಅಕ್ಕ ಮತ್ತು ನಾನು, ಇಷ್ಟೇ ಜನ. ಅಕ್ಕ ರೇಷ್ಮೆ ಸೀರೆ ಉಟ್ಟುಕೊಂಡು, ಅಂಗಡಿ ಇರುತ್ತೋ ಹೋಗುತ್ತೋ ಅಂತ ಸೆರಗಿನ ತುದಿ ಹಿಂಡುತ್ತಾ ಕೂತಿದ್ದರು. ವೀರಭದ್ರನ ವಿಷಯ ಬಂತು, ನಾನು "ದೇವರೇ ಕಾಪಾಡು" ಅಂದೆ, ಜಡ್ಜ್ ತಲೆಯಾಡಿಸಿದರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು.

ಆಗ ಡಿಟೆಕ್ಟಿವ್ ಎದ್ದು ನಿಂತ. ಅರ್ಜಿದಾರರ ಮನೆಯ ಬಗ್ಗೆ ಇಲಾಖೆಗೆ ಚಿಂತೆಯಿದೆ, ಅವರ ಹೆಂಡತಿ ಪ್ರತಿದಿನ ಅವರ ಮೇಲೆ ಫೈರ್ ಮಾಡುತ್ತಾರೆ, ಗಿರಾಕಿಗಳ ಎದುರಿಗೂ ಮಾಡುತ್ತಾರೆ ಎಂದು ತಿಳಿದುಬಂದಿದೆ ಅಂದ.

ನಮ್ಮ ವಕೀಲರು ನಿಧಾನವಾಗಿ ನನ್ನ ಕಡೆ ತಿರುಗಿದರು. ನನಗೆ ಆಗ ಹೊಳೆಯಿತು. ನಾನು ಏಳುವಷ್ಟರಲ್ಲಿ ಜಡ್ಜ್ ನೇರವಾಗಿ ಅಕ್ಕನನ್ನೇ ಕೇಳಿಬಿಟ್ಟರು, ಇದು ನಿಜವೇ ಅಂತ.

ಅಕ್ಕ ಎದ್ದು ಕೈಮುಗಿದು, "ಯಸ್ ಮೇಡಂ. ಡೈಲಿ" ಅಂದರು.

ನಾನು ಎದ್ದು ನಿಂತು, ನಮ್ಮ ಕಡೆ ಅದಕ್ಕೆ ಬೈಯುವುದು ಅಂತ ಅರ್ಥ, ಬರೀ ಬಾಯಿಮಾತಿನದು ಅಂತ ಬಡಬಡಿಸಿದೆ. ಜಡ್ಜ್ ನಗು ತಡೆದುಕೊಂಡು, ಯಾತಕ್ಕೆ ಬೈಯುತ್ತೀರಿ ಅಂತ ಅಕ್ಕನನ್ನು ಕೇಳಿದರು. ಅಕ್ಕ ಜಡ್ಜ್‌ಗೆ ಉತ್ತರ ಕೊಡುವುದು ಬಿಟ್ಟು ಗಂಡನ ಕಡೆ ತಿರುಗಿದರು.

"ಚೀಲ ಕಾರಿನ್ಯಾಗ ಬಿಟ್ಟು ಇಳೀಬ್ಯಾಡ್ರಿ ಅಂತ ಎಷ್ಟು ಸರ್ತಿ ಹೇಳಿದ್ದೆ? ಹೋತು. ಚೀಲ ಹೋದ್ರ ಹೋಗ್ಲಿ, ನೀವ್ಯಾಕ ಅವನ ಬೆನ್ನ ಹತ್ತಿ ಓಡಿದ್ರಿ? ಅವನ ಕೈಯಾಗ ಏನಿತ್ತೋ ಯಾರಿಗ್ಗೊತ್ತು? ನಿಮಗೇನರ ಆಗಿದ್ರ ಈ ಊರಾಗ ನಾ ಯಾರ ಮುಂದ ಹೋಗಿ ನಿಂದರ್ಲಿ?"

ನಾನು ಅಷ್ಟನ್ನೂ ಇಂಗ್ಲಿಷಿಗೆ ತಂದೆ. ಸಾಹುಕಾರರು ತಲೆ ತಗ್ಗಿಸಿ ಕೂತಿದ್ದರು.

ಜಡ್ಜ್ ಕೇಳಿದರು, "ಹೆಂಡತಿ ಜೊತೆಗೆ ಬರುವುದಕ್ಕೆ ಶುರುಮಾಡಿದ ಮೇಲೆ ಕಾರಿನಿಂದ ಇಳಿದಿದ್ದೀರಾ?"

"ಇಳ್ಯಾಕ ಬಿಡೂದಿಲ್ರಿ."

"ಯಾರಾದರೂ ಹತ್ತಿರ ಬಂದಿದ್ದಾರಾ?"

"ಇಲ್ರಿ. ಇವಳ ದನಿ ಕೇಳಿ ಪೆಟ್ರೋಲ್ ಹಾಕಾಂವ ಸುದ್ದಾ ದೂರ ನಿಂದರ್ತಾನ."

ಜಡ್ಜ್ ತೀರ್ಪು ಕೊಟ್ಟರು. ಕೈಯಲ್ಲಿ ಪಿಸ್ತೂಲಿದ್ದರೆ ಈ ಮನುಷ್ಯ ಮತ್ತೆ ಕಳ್ಳನ ಹಿಂದೆ ಓಡುತ್ತಾರೆ, ಹೆಂಡತಿ ಜೊತೆಗಿದ್ದರೆ ಕಾರಿನಲ್ಲೇ ಕೂತಿರುತ್ತಾರೆ. ಇವರಿಗೆ ಬೇಕಾದ ರಕ್ಷಣೆ ಆಗಲೇ ಇದೆ. ಅರ್ಜಿ ವಜಾ.

ಇನ್ನು ಅಂಗಡಿ ಮುಚ್ಚಿದ ಹಾಗೇ ಅಂದುಕೊಂಡು ನಾನು ಅಳುಕುತ್ತಲೇ ಅವರ ಹಿಂದೆ ಪಾರ್ಕಿಂಗ್ ಲಾಟಿಗೆ ನಡೆದೆ. ಆದರೆ ಅಕ್ಕನ ನಡಿಗೆಯೇ ಬೇರೆಯಾಗಿತ್ತು. ಕಾರಿನ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತು, "ಜಡ್ಜ್ ತಮ್ಮ ಬಾಯಿಲೆನ ಕಾಯೂ ಕೆಲಸ ನನ್ನ ಮ್ಯಾಲ ಹಾಕ್ಯಾರ. ಇನ್ನ ಮೋಟೆಲ್ ಮಾತು ಎತ್ತಬ್ಯಾಡ್ರಿ. ಲಗೂನ ನಡೀರಿ, ಅಂಗಡಿ ತಗಿಯೂ ಹೊತ್ತಾತು" ಅಂದರು.

ಸಾಹುಕಾರರು ನನ್ನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದರು. ತೀರ್ಪಿಗೆ ಬೇಜಾರಾಗಿದೆಯೇನೋ ಅಂದುಕೊಂಡೆ. ಅವರು ಅಕ್ಕನ ಕಡೆ ಕಣ್ಣಲ್ಲೇ ತೋರಿಸಿ ಮೆಲ್ಲಗೆ ಹೇಳಿದರು.

"ವಕೀಲರಿಗೆ ಹೇಳ್ರಿ ಸರ, ಇದರಾಗ ಮಾತ್ರ ನಾ ಏನೂ ಬದಲ ಮಾಡಿಲ್ಲ. ಕಂಪನಿಯಿಂದ ಬಂದಾಂಗ ಐತಿ. ಟ್ರಿಗರ್ ಮೊದಲಿಂದನ ಹಗುರ."