ಈಶಾನ್ಯಕ್ಕೊಂದು ಮೊಲ

ಬಸವೇಶ್ವರನಗರದ ಆ ಅಡ್ಡರಸ್ತೆಯ ಜನ ನಾಗಭೂಷಣನ ಬಗ್ಗೆ ಒಂದು ಮಾತು ಹೇಳುತ್ತಿದ್ದರು: "ಅವನ ಬಾಯಿಗೆ ಸಿಕ್ಕಿದ್ರೆ ಹರಿದ ಚಾಪೇನೂ ಹಂಸತೂಲಿಕಾತಲ್ಪ." ಹೆಂಡತಿ ಲತಾಳ ಬಗ್ಗೆ ಇನ್ನೊಂದು: "ಪಾಪ, ಆಯಮ್ಮ ದಿನಕ್ಕೆ ಒಂದೇ ಮಾತಾಡೋದು. ಅದೂ ಇವನ ಬಾಯಿ ಮುಚ್ಚಿಸಕ್ಕೆ."

ಎರಡರಲ್ಲೂ ಸುಳ್ಳಿರಲಿಲ್ಲ. ನಾಗಭೂಷಣ ರಾಜಾಜಿನಗರದ ಹಾಸಿಗೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ದಿಂಬು ಕೇಳಿಕೊಂಡು ಬಂದವರ ತಲೆಗೆ ಡಬಲ್ ಹಾಸಿಗೆ ಹೊರಿಸಿ ಕಳಿಸುವ ಪ್ರಚಂಡ. ಬೆನ್ನುನೋವಿಲ್ಲದೆ ಬಂದವರಿಗೆ ಮಾತಿನಲ್ಲೇ ಬೆನ್ನುನೋವು ಬರಿಸಿ, ಅದಕ್ಕೆ ಮದ್ದೂ ತಾನೇ ಮಾರುತ್ತಿದ್ದ.

ಗಂಡ ಹೆಂಡತಿ ಕೆಂಪಯ್ಯನವರ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದರು. ನಲ್ಲಿ ತಿರುಗಿಸಿದರೆ ಕಾವೇರಿ, ಹಿತ್ತಲಿನಲ್ಲಿ ಲತಾ ಕೈಯಾರೆ ಬೆಳೆಸಿದ ಮಲ್ಲಿಗೆ ಚಪ್ಪರ, ಮೇಲೆ ಬಾಡಿಗೆ ಏರಿಸುವುದನ್ನೇ ಮರೆತ ಮಾಲೀಕರು. (ಅವರಿಗೆ ನೆನಪಾಗದಿರಲೆಂದು ನಾಗಭೂಷಣ ಯುಗಾದಿಯ ಆಸುಪಾಸಿನಲ್ಲಿ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.) ಈ ಮನೆ ಬಿಡುವ ಮಾತು ತಮಾಷೆಗೆ ಬಂದರೂ ಲತಾ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಇಂಥ ಮನೆಗೆ ಮೊಲ ಬಂತು. ತಂದವನು ಲತಾಳ ತಮ್ಮ ಮುತ್ತುರಾಜ. ಲಗ್ಗೆರೆಯ ಪೀಜಿಯಲ್ಲಿದ್ದುಕೊಂಡು ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವವನು.

"ಏನೋ ಇದು?" ಎಂದ ನಾಗಭೂಷಣ.

"ಟಿಪ್ಸು ಭಾವ. ಬಿರಿಯಾನಿ ಕೊಡಕ್ಕೆ ಹೋದ್ರೆ ಅಂಕಲ್ ಒಬ್ರು ಡಬ್ಬ ಕೈಗಿಟ್ಟು ಬಾಗ್ಲು ಹಾಕ್ಕೊಂಡ್ರು. ನಾನು ಸ್ವೀಟ್ ಅನ್ಕೊಂಡೆ."

"ವಾಪಸ್ ಕೊಡಕ್ಕೆ ಏನಾಗಿತ್ತು?"

"ಬೆಲ್ ಹೊಡ್ದೆ, ಹೊಡ್ದೆ, ಒಳಗಡೆ ಲೈಟ್ ಆಫ್ ಮಾಡ್ಕೊಂಡ್ರು! ಪೀಜಿಲಿ ಬಿಡಲ್ಲ ಭಾವ. ಎರಡು ದಿನ ಇಟ್ಕೊಳ್ಳಿ."

ಹೋದವನು ಫೋನ್ ಎತ್ತುವುದನ್ನೂ ಬಿಟ್ಟ.

ಮೊಲ ನೋಡಲು ಹತ್ತಿಯ ಉಂಡೆ. ಹಲ್ಲು ಮಾತ್ರ ಮರ ಕೊಯ್ಯುವ ಮಿಲ್ಲಿನದು. ಕಾಲೊರೆಸು ತಿಂದಿತು, ಚಾರ್ಜರ್ ತಿಂದಿತು, ಗೋಡೆಯ ಕ್ಯಾಲೆಂಡರು ಕೆಳಗೆ ಬಿದ್ದಾಗ ಶ್ರಾವಣ ಮಾಸವನ್ನು ಹಬ್ಬಗಳ ಸಮೇತ ತಿಂದಿತು. ಕೊನೆಗೊಂದು ಭಾನುವಾರ ಮಹಡಿಗೆ ಹೋಗುವ ಕೇಬಲ್ಲಿಗೆ ಬಾಯಿ ಹಾಕಿತು. ಮೇಲೆ ಕೆಂಪಯ್ಯನವರು ಆಗ ಕ್ರಿಕೆಟ್ಟಿನ ಕಟ್ಟಕಡೆಯ ಓವರ್ ನೋಡುತ್ತಿದ್ದರು.

ಬನಿಯನ್ನಿನಲ್ಲೇ ಇಳಿದು ಬಂದರು. "ನೋಡಿ ನಾಗಭೂಷಣ್, ಈ ಮನೇಲಿ ಅದಿರ್ಬೇಕು, ಇಲ್ಲಾ ನೀವಿರ್ಬೇಕು. ತಿಂಗಳ ಕೊನೇವರೆಗೂ ಟೈಮು."

ಆ ದಿನದ ತನ್ನ ಒಂದೇ ಮಾತನ್ನು ಲತಾ ಆಡಿದಳು: "ಮೊಲ ಹೋಗ್ಬೇಕು. ಆದ್ರೆ ಬಾಣಲೆಗೆ ಹೋಗ್ಬಾರ್ದು."

ಮರುದಿನದಿಂದ ಅಂಗಡಿಯಲ್ಲಿ ಹಾಸಿಗೆಯ ಜೊತೆಗೆ ಮೊಲದ ಗುಣಗಾನವೂ ಶುರುವಾಯಿತು. ಜ್ಞಾನಭಾರತಿಯ ವಿದ್ಯಾರ್ಥಿಗಳಿಬ್ಬರು ನೋಡಲು ಬಂದರು. ಒಬ್ಬ ಮೊಲವನ್ನು ಎತ್ತಿ ತೂಗಿ, "ಮಗಾ, ರೂಮಲ್ಲಿ ಎಲ್ರಿಗೂ ಸಾಕಾಗತ್ತಾ?" ಎಂದ. ಲತಾ ಬಾಗಿಲು ತೋರಿಸಿದಳು. ಆಮೇಲೆ ಒಬ್ಬ ತಾತ ಬಂದರು.

"ಕೂಗತ್ತೇನಪ್ಪಾ?"

"ಒಂಚೂರೂ ಸದ್ದಿಲ್ಲ ಸಾರ್!"

"ಹಂಗಾದ್ರೆ ಕಳ್ಳ ಬಂದ್ರೆ?"

"ಅವನು ಒಳಗೆ ಹೋಗಿ ಬರೋಷ್ಟ್ರಲ್ಲಿ ಚಪ್ಪಲಿ ತಿಂದಿರತ್ತೆ ಸಾರ್, ಬರಿಗಾಲಲ್ಲಿ ಎಷ್ಟು ದೂರ ಓಡ್ತಾನೆ?"

ತಾತ ಬಗ್ಗಿ ತಮ್ಮ ಚಪ್ಪಲಿ ನೋಡಿಕೊಂಡು, ಅವಸರವಾಗಿ ಮೆಟ್ಟಿಕೊಂಡು ಹೊರಟರು.

ತಿಂಗಳು ಕರಗುತ್ತಾ ಬಂತು. ಲತಾ ಮಲ್ಲಿಗೆ ಚಪ್ಪರದ ಕೆಳಗೆ ಸುಮ್ಮನೆ ನಿಂತಿರುವುದನ್ನು ನಾಗಭೂಷಣ ಕಂಡ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಸುಮ್ಮನೆ ನಿಂತದ್ದನ್ನು ತಡೆದುಕೊಳ್ಳಲಾಗಲಿಲ್ಲ. ಆ ಸಂಕಟದಲ್ಲೇ ಅವನಿಗೆ ಬುದ್ಧಿ ಹೊಳೆದದ್ದು, ಅಥವಾ ಕೆಟ್ಟದ್ದು.

ಅನ್ನಪೂರ್ಣೇಶ್ವರಿ ನಗರದ ವಿಜಯಶ್ರೀ ಎಂಬಾಕೆ ಹಾಸಿಗೆ ಕೊಳ್ಳಲು ಬಂದಿದ್ದರು. ಮಗನಿಗೆ ಹೆಣ್ಣು ಸಿಗುತ್ತಿಲ್ಲ, ನಿದ್ದೆಯೇ ಬರುವುದಿಲ್ಲ ಎಂದರು. ಮಾಮೂಲಿ ದಿನವಾಗಿದ್ದರೆ ನಾಗಭೂಷಣ ನಿದ್ದೆಗೆ ಮದ್ದು ಹೇಳುತ್ತಿದ್ದ. ಅಂದು ಮದುವೆಗೇ ಹೇಳಿದ.

"ಮನೇಲಿ ಈಶಾನ್ಯಕ್ಕೆ ಏನಿದೆ ಮೇಡಂ?"

"ದೇವರ ಮೂಲೆ, ಇನ್ನೇನಿರತ್ತೆ?"

"ಬಿಳಿ ಮೊಲ ಇದ್ಯಾ?"

"ಮೊಲಾನಾ?"

"ಅದೇ ಮತ್ತೆ! ಚಂದ್ರನ ಒಳಗೆ ಇರೋದೇನು? ಮೊಲ. ಚಂದ್ರಬಲ ನೋಡ್ದೆ ಯಾರಾದ್ರೂ ಮುಹೂರ್ತ ಇಡ್ತಾರಾ? ಈಶಾನ್ಯದಲ್ಲಿ ಬಿಳಿ ಮೊಲ ಮಲಗ್ತು ಅಂದ್ರೆ, ಚಂದ್ರ ಮನೇಗೆ ಬಂದು ಕೂತ ಹಾಗೆ. ತಡೆದಿದ್ದ ಮದುವೆ ಓಡ್ಕೊಂಡು ಬರತ್ತೆ!"

ಈ ಶಾಸ್ತ್ರ ಯಾವ ಗ್ರಂಥದಲ್ಲೂ ಇರಲಿಲ್ಲ. ಆ ಕ್ಷಣಕ್ಕೆ ಅವನ ನಾಲಿಗೆಯ ತುದಿಯಲ್ಲಿ ಉದ್ಭವಿಸಿತ್ತು. ವಿಜಯಶ್ರೀಯವರು ಹಾಸಿಗೆ ಮರೆತು ಮೊಲವನ್ನೇ ಬುಕ್ ಮಾಡಿದರು.

ಭಾನುವಾರ ಬುಟ್ಟಿ ಹಿಡಿದು ಬಂದೂ ಬಂದರು. ಆದರೆ ಗೇಟಿನಲ್ಲಿ ಸಿಕ್ಕವರು ಕೆಂಪಯ್ಯನವರ ಹೆಂಡತಿ ರಾಮಮ್ಮ. ಹೆಂಗಸರಿಬ್ಬರೂ ಅಲ್ಲೇ ಮಾತಿಗೆ ನಿಂತರು. ಮಾತು ಮುಗಿಯುವಷ್ಟರಲ್ಲಿ ರಾಮಮ್ಮನ ಕೈ ಎದೆಯ ಮೇಲಿತ್ತು. ಅವರಿಗೂ ಅನು ಎಂಬ ಮಗಳಿದ್ದಳು; ಬ್ಯಾಂಕಿನಲ್ಲಿ ಕೆಲಸ; ಬಂದ ಗಂಡುಗಳನ್ನೆಲ್ಲ ಬೇಡವೆನ್ನುತ್ತಲೇ ಬಂದಿದ್ದಳು.

"ರೀ!" ಎಂದು ರಾಮಮ್ಮ ಮಹಡಿಗೆ ಕೂಗು ಹಾಕಿದರು. "ಮದುವೆ ಭಾಗ್ಯಾನ ಕೆಳಗಡೆ ಇಟ್ಕೊಂಡು ಓಡಿಸ್ತಾ ಇದೀರಲ್ರೀ!"

ವಿಜಯಶ್ರೀಯವರ ಬುಟ್ಟಿ ಖಾಲಿಯಾಗಿಯೇ ಹೋಯಿತು. ಕೆಂಪಯ್ಯನವರು ಕೆಳಗಿಳಿದು ಬಂದು, ಮೊಲಕ್ಕೆ ದೂರದಿಂದಲೇ ಒಂದು ನಮಸ್ಕಾರದಂಥದ್ದು ಮಾಡಿ, "ಇದು ಎಲ್ಲೂ ಹೋಗಂಗಿಲ್ಲ ನಾಗಭೂಷಣ್" ಎಂದರು. ನಾಗಭೂಷಣ ಒಳಗೆ ಬಂದು ಹೆಂಡತಿಯೆದುರು ಎದೆ ಸೆಟೆಸಿ ನಿಂತ. "ನೋಡ್ದೇನೇ? ಮೊಲಾನೂ ಉಳೀತು, ಮನೇನೂ ಉಳೀತು!"

ಎದೆ ಇನ್ನೂ ಇಳಿದಿರಲಿಲ್ಲ, ಕೆಂಪಯ್ಯನವರು ಮೊಬೈಲಿನ ದಿಕ್ಸೂಚಿ ಹಿಡಿದು ಮತ್ತೆ ಬಂದರು. ಮಹಡಿಯ ಈಶಾನ್ಯದಲ್ಲಿ ಕಕ್ಕಸು ಬಂದಿತ್ತು. (ಕಟ್ಟಿದ ಮೇಸ್ತ್ರಿಗೆ ಅಂದು ಎಷ್ಟು ಶಾಪ ಬಿತ್ತೋ.) ಕೆಳಗಿನ ಈಶಾನ್ಯದಲ್ಲಿ ಬಂದದ್ದು ನಾಗಭೂಷಣನ ಮಲಗುವ ಕೋಣೆ. ಗಂಡ ಹೆಂಡತಿ ಹಾಲಿಗೆ ಬಂದರು, ಮೊಲ ಕೋಣೆಗೆ ಹೋಯಿತು.

ಹತ್ತು ದಿನ ಕಳೆದಿರಬೇಕು. ಮೇಲಿಂದ ಮೈಸೂರುಪಾಕು ಬಂತು. ಅನುವಿಗೆ ಮದುವೆ ಗೊತ್ತಾಗಿತ್ತು! ಮೈಸೂರುಪಾಕಿನ ಹಿಂದೆಯೇ ಕೆಂಪಯ್ಯನವರೂ ಬಂದರು. "ಬೇಜಾರು ಮಾಡ್ಕೋಬೇಡಿ. ಮದುವೆ ಆದ್ಮೇಲೆ ಮಗಳು ಅಳಿಯ ಈ ಕೆಳಗಿನ ಮನೇಲೇ ಇರ್ಲಿ ಅಂತ. ಮಕ್ಕಳು ಮರಿ ಆಗೋವರೆಗೂ ಮೊಲದ ನೆರಳಲ್ಲಿದ್ರೆ ಒಳ್ಳೇದಲ್ವಾ? ನೀವು ಬೇರೆ ಕಡೆ ನೋಡ್ಕೊಳ್ಳಿ."

ಲತಾಳ ಕೈಯಲ್ಲಿದ್ದ ಮೈಸೂರುಪಾಕು ಅಲ್ಲೇ ನಿಂತಿತು.

"ಹೋಗಿ, ನಿಜ ಹೇಳ್ಬಿಟ್ಟು ಬನ್ನಿ" ಎಂದಳು ಗಂಡನಿಗೆ. "ನಾನೇ ಹುಟ್ಟಿಸಿದ ಸುಳ್ಳು ಅನ್ನಿ. ಮಾನ ಹೋದ್ರೆ ಹೋಗ್ಲಿ, ಮನೆ ಉಳೀಲಿ."

ಮಾನವನ್ನು ಜೇಬಿನಲ್ಲಿಟ್ಟುಕೊಂಡು ನಾಗಭೂಷಣ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದವಳು ಅನು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು.

"ಅಂಕಲ್, ನಿಮ್ಮ ಕಾಲಿಗೆ ಬೀಳ್ಬೇಕು ನಾನು. ಅರುಣ ನಮ್ಮ ಬ್ಯಾಂಕಿನೋನೇ. ಎಷ್ಟು ವರ್ಷದಿಂದ ಒದ್ದಾಡ್ತಾ ಇದ್ವಿ. ಅವರು ಹಾವೇರಿ ಕಡೆ, ರೊಟ್ಟಿ ತಿನ್ನೋರು. ನಮ್ಮಪ್ಪನ ಮುಂದೆ ಮುದ್ದೆ ಬಿಟ್ಟು ಬೇರೆ ಹೆಸರೆತ್ತೋಕಾಗತ್ತಾ? ಮೊಲ ಈಶಾನ್ಯಕ್ಕೆ ಬಂದ ವಾರಾನೇ ಅವರ ಮನೆಯಿಂದ ಕೇಳ್ಕೊಂಡು ಬರೋ ಹಾಗೆ ಮಾಡ್ದೆ. ಅಪ್ಪ 'ಚಂದ್ರನೇ ಕಳ್ಸಿದಾನೆ' ಅಂತ ಒಪ್ಕೊಂಡುಬಿಟ್ರು!"

ಅಷ್ಟರಲ್ಲಿ ಒಳಗಿನಿಂದ ಕೆಂಪಯ್ಯನವರ ದನಿ ಬಂತು: "ಯಾರಮ್ಮ ಅದು? ನಾಗಭೂಷಣ್ಣಾ? ಏನಂತೆ?"

ಅನು ಎರಡು ಕೈ ಮುಗಿದು ನಿಂತಳು. ಜೀವಮಾನದಲ್ಲಿ ಮೊದಲ ಸಲ ನಾಗಭೂಷಣ ಮಾತು ಹುಡುಕಬೇಕಾಯಿತು.

"ಏನಿಲ್ಲ ಸಾರ್... ಮೊಲಕ್ಕೆ ಕ್ಯಾರೆಟ್‌ಗಿಂತ ಗರಿಕೆ ಇಷ್ಟ. ಅದನ್ನೇ ಹೇಳೋಣ ಅಂತ ಬಂದೆ."

ಕೆಳಗೆ ಕಾದಿದ್ದ ಲತಾ ಎಲ್ಲವನ್ನೂ ಕೇಳಿದಳು. ಆಮೇಲೆ ಕೈಯಲ್ಲಿದ್ದ ಮೈಸೂರುಪಾಕನ್ನು ಮುರಿದು ಅರ್ಧ ಗಂಡನ ಬಾಯಿಗಿಟ್ಟಳು. "ಒಳ್ಳೇ ಕೆಲ್ಸ ಮಾಡಿದ್ರಿ. ಇನ್ನು ಬಾಯಿ ತೆಗೀಬೇಡಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಅಟ್ಟದಿಂದ ಪಾತ್ರೆ ಇಳಿಸತೊಡಗಿದಳು.

ಕೆಂಗೇರಿಯಾಚೆ ಒಂದು ಮನೆ ಸಿಕ್ಕಿತು. ನೀರು ಟ್ಯಾಂಕರಿನದು, ಮಾಲೀಕರ ನೆನಪಿನ ಶಕ್ತಿ ಅಪಾರ. ಟೆಂಪೋ ಬಂದ ದಿನ ಲತಾ ಮಲ್ಲಿಗೆಯ ಒಂದು ಕಡ್ಡಿಯನ್ನು ಡಬ್ಬದ ಮಣ್ಣಿಗೆ ಚುಚ್ಚಿ, ಅದನ್ನು ಮಡಿಲಲ್ಲಿಟ್ಟುಕೊಂಡು ಡ್ರೈವರಿನ ಪಕ್ಕ ಕೂತಳು. ಏನಾದರೂ ಉಳಿದಿದೆಯೇ ಎಂದು ನೋಡಲು ನಾಗಭೂಷಣ ಒಬ್ಬನೇ ಒಳಗೆ ಹೋದ.

ಹಾಲ್ ಖಾಲಿ, ಅಡುಗೆಮನೆ ಖಾಲಿ. ಈಶಾನ್ಯದ ಕೋಣೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು. ಪುಟ್ಟ ಹಾಸಿಗೆಯ ಮೇಲೆ (ಅವನೇ ಡಿಸ್ಕೌಂಟಿನಲ್ಲಿ ಕೊಡಿಸಿದ್ದು) ಮೊಲ ಕಿವಿ ಹಿಂದಕ್ಕೆ ಚಾಚಿ ಮಲಗಿತ್ತು. ಪಕ್ಕದಲ್ಲಿ ಗರಿಕೆಯ ತಟ್ಟೆ ಹಿಡಿದು ಕೂತಿದ್ದ ರಾಮಮ್ಮ, "ಹೊರಟ್ರಾ ನಾಗಭೂಷಣ್? ಹೋಗ್ಬನ್ನಿ, ಒಳ್ಳೇದಾಗ್ಲಿ" ಎಂದು ಪಿಸುಗುಟ್ಟಿದರು. "ಬಾಗ್ಲು ಒಂಚೂರು ಮೆತ್ತಗೆ ಹಾಕ್ಕೊಂಡು ಹೋಗಿ. ಈಗ ತಾನೆ ಕಣ್ಣು ಮುಚ್ಚಿದೆ."

ನಾಗಭೂಷಣ ತಲೆಯಾಡಿಸಿದ. ಕೀಲಿಕೈಯನ್ನು ಕಿಟಕಿಯ ಮೇಲಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಿನಲ್ಲಿ ಹಾಲ್ ದಾಟಿ, ಉಸಿರು ಬಿಗಿಹಿಡಿದು ಬಾಗಿಲೆಳೆದುಕೊಂಡ.