ಅತ್ತೆ ಮನೆ ನೀರಿನ ವಯಸ್ಸು

ಬೆಳಗ್ಗೆ ಹಲ್ಲುಜ್ಜುತ್ತಾ ಆಡಿದ ಒಂದು ಮಾತಿನಿಂದ ಅಳಿಯನ ಇಡೀ ದಿನ ಕೆಟ್ಟಿತು. ಹಲ್ಲುಜ್ಜುವಾಗ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ, ನಿಜ. ಹಾಗಂತ ಕಸುಬಿನ ಗುಟ್ಟು ಬಿಚ್ಚಬೇಕಿತ್ತೇ?

ಅವನ ಕೆಲಸ ನೀರು ಪರೀಕ್ಷೆ ಮಾಡುವ ಕಚೇರಿಯಲ್ಲಿ. ಬೋರ್‌ವೆಲ್‌ಗಳಿಂದ ಬಾಟಲಿಗೆ ನೀರು ತುಂಬಿ ತರುವುದು, ಅದರ ವಯಸ್ಸು ಅಳೆಯಲು. ಹಿಂದಿನ ಎರಡು ಸಲ ಬಾಟಲಿಯೊಳಗೆ ಗಾಳಿಗುಳ್ಳೆ ಸೇರಿ ಪರೀಕ್ಷೆ ದಂಡವಾಗಿ, ಕಚೇರಿಯಲ್ಲಿ ಅವನಿಗೆ ‘ಗುಳ್ಳೆ’ ಎಂದೇ ಹೆಸರು ಬಿದ್ದಿತ್ತು. “ಇನ್ನೊಂದು ಸಲ ಗುಳ್ಳೆ ಬಂತೋ, ನಿಮ್ಮನ್ನ ಉಗ್ರಾಣಕ್ಕೆ ಹಾಕ್ತೀನಿ. ಖಾಲಿ ಬಾಟ್ಲಿ ತೊಳ್ಕೊಂಡಿರಿ,” ಎಂದಿದ್ದರು ಕಚೇರಿಯ ಮುಖ್ಯಸ್ಥೆ ಮೇಡಂ. ಈ ಸಲದ ಬೋರ್‌ವೆಲ್ ಅವನ ಬೀದಿಯದ್ದೇ. ಬೀದಿಯ ಸಂಘಕ್ಕೆ ಅಧ್ಯಕ್ಷೆ ಅವನ ಅತ್ತೆ. ಅವನಿರುವುದು ಅತ್ತೆಯ ಮಹಡಿ ಮನೆಯಲ್ಲಿ.

“ನೀರಿಗೆ ಅದೆಂಥಾ ವಯಸ್ಸು ಅಳಿಯಂದಿರೇ?” ಎಂದು ಆ ಬೆಳಗ್ಗೆ ಕೇಳಿದರು ಅತ್ತೆ.

“ಫ್ರಿಜ್ಜಿನ ಗ್ಯಾಸು, ಅಂಥವೆಲ್ಲ ಸೋರಿ ಗಾಳಿಗೆ ಸೇರಿರುತ್ತೆ ಅತ್ತೆ. ಮಳೆ ಜೊತೆ ಚೂರೇ ಚೂರು ನೆಲಕ್ಕಿಳಿಯುತ್ತೆ. ಯಾವ ಕಾಲದ ಗಾಳೀಲಿ ಎಷ್ಟಿತ್ತು ಅಂತ ನಮ್ಗೆ ಗೊತ್ತಿದೆ. ನೀರಲ್ಲಿ ಎಷ್ಟಿದೆ ಅಂತ ಅಳೆದ್ರೆ, ಆ ನೀರು ಯಾವಾಗ ಕೆಳಗಿಳಿದದ್ದು ಅಂತ ತಿಳಿಯುತ್ತೆ.”

“ಮುದಿ ನೀರಾದ್ರೆ?”

“ಹೊಸ ಮಳೆ ಇಳೀತಿಲ್ಲ, ತೆಗೆದಷ್ಟೂ ಖಾಲಿ ಅಂತ ಅರ್ಥ. ಬೋರ್‌ವೆಲ್‌ಗೆ ಬೀಗ.”

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಬಾಟ್ಲಿಗೆ ಒಂದು ಗುಳ್ಳೆ ಗಾಳಿ ಸೇರಿದ್ರೂ ಸಾಕು, ಹಳೇ ನೀರು ಹೊಸದರ ಥರ ಕಾಣುತ್ತೆ. ಅದೇ ತಲೆನೋವು,” ಎಂದುಬಿಟ್ಟ. ಅತ್ತೆ ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಆಕೆ ಹಾಗೆ ಹೊರಟರೆ ಹುಷಾರಾಗಬೇಕು ಎಂದು ಅವನಿಗೆ ಇಷ್ಟು ಹೊತ್ತಿಗೆ ತಿಳಿದಿರಬೇಕಿತ್ತು.

ಬೋರ್‌ವೆಲ್ ಹತ್ತಿರ ಹೋದರೆ ಬೀದಿಗೆ ಬೀದಿಯೇ ನೆರೆದಿದೆ. ಅವನು ಬಕೆಟ್ಟಿನೊಳಗೆ ಬಾಟಲಿ ಮುಳುಗಿಸಿ, ಪಂಪಿನ ಕೊಳವೆಯನ್ನು ಅದರ ತಳಕ್ಕಿಳಿಸಿ, ನೀರು ತುಂಬಿ ಹೊರಚೆಲ್ಲಲು ಬಿಟ್ಟ. ಮುಚ್ಚಳವನ್ನೂ ನೀರೊಳಗೇ ತಿರುಗಿಸಬೇಕು. ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ಊರುಗೋಲು ಹಾಕಿ ಬಕೆಟ್ಟನ್ನು ಗೊಟಗೊಟ ಕಲಕಿದರು.

“ಏನ್ ಸಾರ್ ಇದು!”

“ಪಾಪ, ನೀರೂ ಸ್ವಲ್ಪ ಉಸಿರಾಡ್ಲಿ ಬಿಡಯ್ಯಾ.”

ಆ ನೀರು ಚೆಲ್ಲಿ ಮತ್ತೆ ತುಂಬುವಷ್ಟರಲ್ಲಿ ಫ್ರಿಜ್ ರಿಪೇರಿಯವನು ಫ್ರಿಜ್ಜಿನ ಗ್ಯಾಸ್ ಸಿಲಿಂಡರ್ ಹೊತ್ತು ಬಂದ. “ಅಣ್ಣಾ, ಒಂದೇ ಒಂದು ಫುಸ್! ನೀರು ಎಳೇ ಮಗು ಆಗ್ಬಿಡುತ್ತೆ.”

“ಮಗು ಅಲ್ಲಯ್ಯಾ! ಲೋಕದ ಗಾಳೀಲೆಲ್ಲೂ ಅಷ್ಟು ಗ್ಯಾಸಿಲ್ಲ. ಇನ್ನೂ ಹುಟ್ಟೇ ಇಲ್ಲದ ನೀರು ಅಂತ ಬರುತ್ತೆ!”

“ಒಳ್ಳೇದೇ ಆಯ್ತಲ್ಲ. ಹುಟ್ಟಿದ್ಮೇಲೆ ತಾನೇ ಬೀಗ ಹಾಕೋದು?”

ಕೊನೆಗೆ ಅತ್ತೆಯೇ ಸೊಂಟದ ಮೇಲೆ ಕೈಯಿಟ್ಟು ಬಂದರು. “ಏನ್ರೀ, ಆಫೀಸಿಗಾದ್ರೆ ಸಲೀಸಾಗಿ ಗುಳ್ಳೆ ಬಿಡ್ತಿದ್ರಿ. ಮನೆಯೋರಿಗೆ ಅಂತ ಒಂದು ಬಿಡೋಕಾಗಲ್ವಾ?”

ಅಳಿಯನಿಗೆ ಸಾಕುಸಾಕಾಯಿತು. ಅಳುವಷ್ಟು ಸಿಟ್ಟೂ ಬಂತು. ಇವರು ಇಲ್ಲಿಂದ ತೊಲಗಿದರೆ ಸಾಕೆಂದು, “ಆಯ್ತು ಅತ್ತೆ, ನೀವು ಹೇಳಿದ ಹಾಗೇ ಗಾಳಿ ಸೇರಿಸ್ತೀನಿ. ಎಲ್ಲರೂ ನೋಡ್ತಾ ನಿಂತ್ರೆ ಕೈ ನಡುಗುತ್ತೆ, ಮನೆಗೆ ಹೋಗಿ,” ಎಂದು ಸುಳ್ಳು ಹೇಳಿದ. ಬೀದಿ ಕ್ಷಣದಲ್ಲಿ ಖಾಲಿಯಾಯಿತು. ಅವನು ಉಸಿರು ಬಿಗಿಹಿಡಿದು ಮೂರು ಬಾಟಲಿ ತುಂಬಿದ. ಜನ್ಮದಲ್ಲಿ ಅಷ್ಟು ಚೊಕ್ಕವಾಗಿ ತುಂಬಿರಲಿಲ್ಲ.

ಸಂಜೆ ಮೇಡಂ ಬಾಟಲಿಗಳನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದರು. ಒಂದು ಗುಳ್ಳೆಯೂ ಇಲ್ಲ. ಯಂತ್ರ ಮೂರಕ್ಕೂ ಒಂದೇ ಉತ್ತರ ಹೇಳಿತು: ಈಚಿನ ಕೆಲವು ಮಳೆಗಾಲಗಳ ಎಳೆಯ ನೀರು. ಬೀದಿಯವರ ಹಾರಾಟವೆಲ್ಲ ದಂಡ.

“ಭೇಷ್! ಇನ್ಮೇಲೆ ನಿಮ್ಮನ್ನ ಯಾರೂ ಗುಳ್ಳೆ ಅನ್ನಕೂಡದು,” ಎಂದರು ಮೇಡಂ. ಅವನಿಗೆ ಕಣ್ಣು ತುಂಬಿ ಬಂತು. ಆ ಖುಷಿಯಲ್ಲಿ ಹೆಂಡತಿಗೆ ಫೋನ್ ಮಾಡಿ ಹೇಳಿಯೂಬಿಟ್ಟ.

ಸ್ವಲ್ಪ ಹೊತ್ತಿಗೆ ಕಚೇರಿಯ ಬಾಗಿಲು ತೆರೆದುಕೊಂಡು ಅತ್ತೆ ಒಳಗೆ ಬಂದರು. ಹಿಂದೆ ಮೇಷ್ಟ್ರು. ಅತ್ತೆ ಅಳಿಯನ ಕೈಗೊಂದು ಹೂಗುಚ್ಛವಿಟ್ಟು ಮೇಡಂ ಕಡೆ ತಿರುಗಿದರು.

“ಇಂಥವರನ್ನ ಎಲ್ಲಿ ಹುಡುಕ್ತೀರಿ ಮೇಡಂ? ಬೆಳಗ್ಗೆ ಕೊಟ್ಟ ಮಾತು ಸಂಜೆಗೆ ಉಳಿಸಿಕೊಂಡ್ರು. ಎಷ್ಟು ನಾಜೂಕಾಗಿ ಗಾಳಿ ಸೇರಿಸಿದಾರೆ ಅಂದ್ರೆ, ನಿಮ್ಮ ಮಷೀನಿಗೂ ಗೊತ್ತಾಗಿಲ್ಲ!”

“ಅಯ್ಯೋ, ಇಲ್ಲ ಮೇಡಂ! ನಾನು ಸೇರಿಸಿಲ್ಲ!”

“ನೋಡಿ, ಎಂಥಾ ವಿನಯ,” ಎಂದರು ಮೇಷ್ಟ್ರು.

ಮೇಡಂ ಕನ್ನಡಕ ತೆಗೆದರು. “ಸೇರಿಸ್ತೀನಿ ಅಂತ ಇವರಿಗೆ ಮಾತು ಕೊಟ್ಟಿದ್ರಾ?”

“ಕೊಟ್ಟಿದ್ದೆ ಮೇಡಂ. ಆದ್ರೆ ಅದು ಸುಳ್ಳು.”

ತಾನು ಸುಳ್ಳು ಹೇಳುವವನೆಂದು ತಾನೇ ಒಪ್ಪಿಕೊಂಡವನನ್ನು ಯಾರು ನಂಬುತ್ತಾರೆ? ಮೇಡಂ ಪರೀಕ್ಷೆಯನ್ನು ರದ್ದು ಮಾಡಿದರು. ಅಳಿಯ ನಾಳೆಯಿಂದ ಉಗ್ರಾಣಕ್ಕೆ. ಬೇರೊಬ್ಬ ಹುಡುಗ ಹೋಗಿ ಹೊಸದಾಗಿ ನೀರು ತಂದು ಪರೀಕ್ಷೆ ಮುಗಿಯುವವರೆಗೆ ಬೋರ್‌ವೆಲ್‌ಗೆ ಬೀಗ.

ಬೀಗ ಎಂದ ಕೂಡಲೇ ಅತ್ತೆಯ ಮುಖ ಕಪ್ಪಿಟ್ಟಿತು. ಅಳಿಯನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಅವನ ಕೈಯಲ್ಲಿದ್ದ ಹೂಗುಚ್ಛವನ್ನು ಕಸಿದುಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ಆ ಬೇರೊಬ್ಬ ಹುಡುಗನಿಗೆ ಮದುವೆ ಆಗಿದ್ಯಾ ಮೇಡಂ? ನನಗೆ ಇನ್ನೊಬ್ಬಳು ಮಗಳಿದ್ದಾಳೆ.”